ಒಂದು ಎಳೆ, ಎರಡು ಕಡ್ಡಿ: ಮೊದಲ ಮಫ್ಲರ್ ಹೆಣೆಯುವವರಿಗೆ

ಹೊಂಗನೂರಿನ ಚಳಿ ಕೊಡಗಿನ ಚಳಿಯಂತಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಹೊತ್ತು ಎರಡು ಮೂರು ಗಂಟೆ ಕಚ್ಚುತ್ತದೆ, ಬಿಸಿಲು ಏರಿದ ಕೂಡಲೇ ಓಡಿಹೋಗುತ್ತದೆ. ಅಷ್ಟು ಹೊತ್ತಿಗೆ ಸ್ವೆಟರ್ ಬೇಕಾಗಿಲ್ಲ, ಕುತ್ತಿಗೆ ಮತ್ತು ಕಿವಿ ಮುಚ್ಚುವ ಒಂದು ಮಫ್ಲರ್ ಸಾಕು. ಫಜ್ರ್ ನಮಾಜಿಗೆ ಹೋಗುವ ಅಜ್ಜನಿಗೆ, ರೇಷ್ಮೆಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಡುವ ರೈತನಿಗೆ, ಮೊದಲ ಬಸ್ಸಿಗೆ ನಿಲ್ಲುವ ನಮಗೆ, ಎಲ್ಲರಿಗೂ ಬೇಕಾದದ್ದು ಅದೇ.

ಅಂಗಡಿಯಲ್ಲಿ ಮಫ್ಲರ್ ಸಿಗುತ್ತದೆ, ಅಗ್ಗವಾಗಿಯೇ ಸಿಗುತ್ತದೆ. ಆದ್ದರಿಂದ ದುಡ್ಡು ಉಳಿಸಲೆಂದು ಹೆಣಿಗೆ ಕಲಿಯಲು ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ಉಳಿಯುವುದಿಲ್ಲ. ಲೆಕ್ಕ ನೋಡಿ. ಅಗಲಕ್ಕೆ 28 ಕುಣಿಕೆ, ಉದ್ದಕ್ಕೆ ಸುಮಾರು 420 ಸಾಲು ಎಂದರೆ 11,760 ಕುಣಿಕೆ. ಹೊಸಬರು ನಿಮಿಷಕ್ಕೆ 12 ಕುಣಿಕೆ ಹಾಕಿದರೂ ಹದಿನಾರು ಗಂಟೆ ದಾಟುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಒಂದು ತಿಂಗಳ ಮೇಲೆ ಎರಡು ಮೂರು ದಿನ. ಅಷ್ಟು ಹೊತ್ತನ್ನು ಒಬ್ಬರ ಕುತ್ತಿಗೆಗಾಗಿ ಕೊಡಲು ಮನಸ್ಸಿದ್ದವರು ಮುಂದೆ ಓದಿ.

ಹೆಣಿಗೆ ಶುರುಮಾಡಿದವರಲ್ಲಿ ಬಹಳ ಮಂದಿ ಹತ್ತನೇ ಸಾಲಿನೊಳಗೆ ಬಿಟ್ಟುಬಿಡುತ್ತಾರೆ. ಕೈ ತಿರುಗುವುದಿಲ್ಲ ಎಂಬುದು ಅವರು ಹೇಳುವ ಕಾರಣ. ನನ್ನ ಅಭಿಪ್ರಾಯದಲ್ಲಿ ಅದು ನಿಜವಾದ ಕಾರಣವಲ್ಲ. ಮೊಬೈಲಿನ ವಿಡಿಯೋ ನೋಡಿ ಬೆರಳಿನ ಚಲನೆಯನ್ನು ಬಾಯಿಪಾಠದ ಹಾಗೆ ಕಲಿತಿರುತ್ತಾರೆ. ಎಲ್ಲೋ ಒಂದು ಕುಣಿಕೆ ತಪ್ಪುತ್ತದೆ. ತಪ್ಪಿದ್ದು ಏನು ಎಂದು ಕಣ್ಣಿಗೆ ಕಾಣುವುದಿಲ್ಲ. ಬಿಚ್ಚಲು ಹೆದರಿಕೆ, ಮುಂದುವರಿಸಲು ಬೇಸರ. ಕುಣಿಕೆಯನ್ನು ಓದಲು ಕಲಿತವರಿಗೆ ಈ ಹೆದರಿಕೆ ಇರುವುದಿಲ್ಲ. ಈ ಲೇಖನದಲ್ಲಿ ಕೈಗಿಂತ ಕಣ್ಣಿನ ಬಗ್ಗೆ ಹೆಚ್ಚು ಹೇಳುವುದು ಅದಕ್ಕಾಗಿ.

ನೇಯ್ಗೆ ಬೇರೆ, ಹೆಣಿಗೆ ಬೇರೆ. ಮಗ್ಗದಲ್ಲಿ ಹಾಸಿನ ಎಳೆಗಳು ಉದ್ದಕ್ಕೆ ಬಿಗಿಯಾಗಿ ನಿಂತಿರುತ್ತವೆ, ಲಾಳಿ ಹೊಕ್ಕಿನ ಎಳೆಯನ್ನು ಅಡ್ಡಕ್ಕೆ ತೂರಿಸುತ್ತದೆ. ಹಾಸಿಗೆ ನೂರಾರು, ಸಾವಿರಾರು ಎಳೆ ಬೇಕು. ಹೆಣಿಗೆಯಲ್ಲಿ ಇರುವುದು ಒಂದೇ ಎಳೆ. ಆ ಎಳೆ ಒಂದು ಕುಣಿಕೆಯಾಗುತ್ತದೆ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಹೊರಬರುತ್ತದೆ, ಅದರೊಳಗಿಂದ ಮತ್ತೊಂದು. ಕೆಳಗಿನ ಕುಣಿಕೆ ಬಿಚ್ಚಿಹೋಗದಂತೆ ಮೇಲಿನದು ಹಿಡಿದಿರುತ್ತದೆ. ಕಡ್ಡಿಯ ಮೇಲೆ ಇರುವ ಸಾಲನ್ನು ಹಿಡಿಯಲು ಮೇಲೆ ಇನ್ನೂ ಯಾವ ಕುಣಿಕೆಯೂ ಬಂದಿಲ್ಲ, ಹಾಗಾಗಿ ಅದನ್ನು ಕಡ್ಡಿಯೇ ಹಿಡಿದಿರುತ್ತದೆ. ಇಷ್ಟು ಅರ್ಥವಾದರೆ ಹೆಣಿಗೆಯ ಮುಕ್ಕಾಲು ಭಾಗ ಅರ್ಥವಾದಂತೆ. ಹೆಣಿಗೆ ಎಳೆದರೆ ಹಿಗ್ಗುವುದೂ ಇದರಿಂದಲೇ. ನೇಯ್ದ ಬಟ್ಟೆಯಲ್ಲಿ ಎಳೆ ಹೆಚ್ಚುಕಡಿಮೆ ನೇರವಾಗಿರುತ್ತದೆ, ಹೆಣಿಗೆಯಲ್ಲಿ ಬಾಗಿರುತ್ತದೆ. ಎಳೆದಾಗ ಬಾಗು ನೇರವಾಗುತ್ತದೆ, ಬಿಟ್ಟಾಗ ಹಿಂದಿನಂತಾಗುತ್ತದೆ. ನೀವು ತೊಟ್ಟ ಬನಿಯನ್ನನ್ನು ಹತ್ತಿರದಿಂದ ನೋಡಿ. ಅದೂ ಹೆಣಿಗೆಯೇ, ಯಂತ್ರದ್ದು, ಕುಣಿಕೆ ತೀರಾ ಸಣ್ಣದು ಅಷ್ಟೆ.

ಒಂದೇ ಎಳೆಯ ಮನೆ ನಮ್ಮ ಕಡೆಯವರಿಗೆ ಹೊಸದಲ್ಲ. ಚಂದ್ರಿಕೆಯ ಮೇಲೆ ಬಿಟ್ಟ ಹಣ್ಣು ಹುಳ ಎರಡು ಮೂರು ದಿನದಲ್ಲಿ ಸುತ್ತುವ ಗೂಡೂ ಒಂದೇ ಎಳೆಯದು, ಸುಮಾರು ಒಂದು ಕಿಲೋಮೀಟರ್ ಉದ್ದ. ನಮ್ಮ ಮಫ್ಲರಿಗೆ ಬೇಕಾಗುವ ದಾರ ಸುಮಾರು 300 ಮೀಟರ್. ನಾವು ತಿಂಗಳು ತೆಗೆದುಕೊಳ್ಳುತ್ತೇವೆ. ಹುಳದ ಮುಂದೆ ನಾಚಿಕೊಳ್ಳಬೇಕಾದ್ದೇನಿಲ್ಲ, ಅದಕ್ಕೆ ಪಿಯುಸಿ ಪರೀಕ್ಷೆಯಿಲ್ಲ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ನಮ್ಮ ಮನೆಗಳಲ್ಲಿ ಕಾಣುವ ಬಿಳಿ ಜಾಲಿ ಟೋಪಿ ಹಲವು ಸಲ ಕ್ರೋಶಾ ಕೆಲಸ. ಅದಕ್ಕೆ ಕೊಕ್ಕೆ ಇರುವ ಒಂದೇ ಕಡ್ಡಿ, ಒಂದು ಸಲಕ್ಕೆ ಒಂದೇ ಕುಣಿಕೆ ಜೀವಂತವಾಗಿರುತ್ತದೆ. ಹೆಣಿಗೆಗೆ ಎರಡು ಕಡ್ಡಿ, ಇಡೀ ಸಾಲೇ ಜೀವಂತ. ಟೋಪಿ ಹಾಕಲು ಬರುವ ಅಮ್ಮ, ಚಿಕ್ಕಮ್ಮ ಮನೆಯಲ್ಲಿದ್ದರೆ ಮಾತ್ರ ನೀವು ಅದೃಷ್ಟವಂತರು. ದಾರವನ್ನು ಬೆರಳಲ್ಲಿ ಹದವಾಗಿ ಬಿಡುವ ಅಭ್ಯಾಸ ಅವರಿಂದ ನೇರವಾಗಿ ಬರುತ್ತದೆ.

ಈಗ ಸಾಮಾನು. ಬಹಳ ಬೇಡ. ಅಂಗಡಿಯಲ್ಲಿ ಉಲ್ಲನ್ ಎಂದು ಕೇಳಿದರೆ ಸಾಮಾನ್ಯವಾಗಿ ಕೊಡುವುದು ಅಕ್ರಿಲಿಕ್ ದಾರ, ಕುರಿಯ ಉಣ್ಣೆಯಲ್ಲ. ಕಲಿಯಲು ಅದೇ ಒಳ್ಳೆಯದು. ತೀರಾ ತೆಳುವಲ್ಲದ, ಮಧ್ಯಮ ದಪ್ಪದ, ನುಣುಪಾದ ದಾರ 200 ಗ್ರಾಂ ಸಾಕು. ತಿಳಿ ಬಣ್ಣ ತೆಗೆದುಕೊಳ್ಳಿ. ಕಪ್ಪು ಬಣ್ಣದಲ್ಲಿ ಕುಣಿಕೆ ಕಾಣುವುದಿಲ್ಲ. ತುಪ್ಪಳದಂಥ ದಾರವಂತೂ ಬೇಡವೇ ಬೇಡ, ಅಂಗಡಿಯಲ್ಲಿ ಮುದ್ದಾಗಿ ಕಂಡರೂ ಅದರಲ್ಲಿ ಬಿಚ್ಚುವುದೂ ಕಷ್ಟ, ಓದುವುದೂ ಕಷ್ಟ.

ಕಡ್ಡಿ 6 ಮಿಲಿಮೀಟರ್ ದಪ್ಪದ್ದಿರಲಿ, ಸುಮಾರು ಒಂದು ಅಡಿ ಉದ್ದ. ಅಲ್ಯೂಮಿನಿಯಂ ಕಡ್ಡಿಯ ಮೇಲೆ ದಾರ ಜಾರುತ್ತದೆ, ವೇಗ ಬಂದವರಿಗೆ ಅದು ಅನುಕೂಲ. ಹೊಸಬರಿಗೆ ಸ್ವಲ್ಪ ಘರ್ಷಣೆ ಇರಬೇಕು, ಇಲ್ಲದಿದ್ದರೆ ನಾಲ್ಕು ಕುಣಿಕೆ ಹಾಕುವಷ್ಟರಲ್ಲಿ ಎಂಟು ಉದುರಿರುತ್ತವೆ. ಬಿದಿರಿನದು ಅಥವಾ ಮರದ್ದು ಒಳ್ಳೆಯದು. ಚನ್ನಪಟ್ಟಣದ ಪಕ್ಕದಲ್ಲೇ ಇದ್ದುಕೊಂಡು ಕಡ್ಡಿಯನ್ನು ಕೊರಿಯರ್‌ನಲ್ಲಿ ತರಿಸುವ ಅಗತ್ಯ ನನಗಂತೂ ಕಾಣುವುದಿಲ್ಲ. ಹಾಲೆ ಮರದಿಂದ ಬೊಂಬೆ ಕಡೆಯುವ ಕುಶಲಕರ್ಮಿಗೆ ಎರಡು ಕಡ್ಡಿ ಕಡೆಯುವುದು ದೊಡ್ಡ ಕೆಲಸವಲ್ಲ. ಒಂದು ತುದಿಯಲ್ಲಿ ಕುಣಿಕೆ ಜಾರದಂತೆ ಗುಂಡು, ಇನ್ನೊಂದು ತುದಿ ಸ್ವಲ್ಪ ಸವೆದ ಪೆನ್ಸಿಲಿನಷ್ಟು ಚೂಪು, ಇಷ್ಟು ಹೇಳಿದರೆ ಸಾಕು. ಹಾಲೆ ಮೃದುವಾದ ಮರ, ಆದ್ದರಿಂದ 6 ಮಿಲಿಮೀಟರಿಗಿಂತ ಸಣ್ಣದು ಮಾಡಿಸಬೇಡಿ. ಅರಗಿನ ಬಣ್ಣ ಗುಂಡಿಗೆ ಮಾತ್ರ ಇರಲಿ, ಕಡ್ಡಿಗೆ ನುಣ್ಣಗೆ ಉಜ್ಜಿದರೆ ಸಾಕು.

ಮೊದಲ ಕುಣಿಕೆಗೆ ಜಾರುಗಂಟು ಹಾಕಿ, ದಾರದ ತುದಿಯನ್ನು ಒಂದು ಗೇಣು ಬಿಟ್ಟು, ಅದನ್ನು ಎಡಗೈ ಕಡ್ಡಿಗೆ ಏರಿಸಿ. ಬಲಗಡ್ಡಿಯ ತುದಿಯನ್ನು ಆ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ. ಈಗ ಎರಡು ಕಡ್ಡಿಗಳು ಕತ್ತರಿಯಂತೆ ನಿಂತಿರುತ್ತವೆ, ಬಲಗಡ್ಡಿ ಹಿಂದೆ. ಉಂಡೆಯಿಂದ ಬರುವ ದಾರವನ್ನು ಬಲಗಡ್ಡಿಯ ತುದಿಗೆ ಒಂದು ಸುತ್ತು ಹಾಕಿ. ದಾರ ಹಿಂದಿನಿಂದ ಎಡಕ್ಕೆ ಬಂದು ಎರಡೂ ಕಡ್ಡಿಗಳ ನಡುವೆ ಬಲಕ್ಕೆ ಇಳಿಯಬೇಕು. ಆ ಸುತ್ತನ್ನು ಬಲಗಡ್ಡಿಯ ತುದಿಯಿಂದಲೇ ಕುಣಿಕೆಯೊಳಗಿಂದ ಮುಂದಕ್ಕೆ ಎಳೆದುಕೊಳ್ಳಿ. ಹೊಸ ಕುಣಿಕೆ ಹುಟ್ಟಿತು. ಅದನ್ನು ಎಡಗಡ್ಡಿಗೇ ಏರಿಸಿ. ಹೀಗೆ 28 ಆಗುವವರೆಗೆ. ಕುಣಿಕೆ ಏರಿಸಲು ಇನ್ನೂ ಚೆಂದದ, ಬೇಗದ ವಿಧಾನಗಳಿವೆ. ಆದರೆ ಇದನ್ನೇ ಹೇಳಲು ಕಾರಣವಿದೆ: ಇದನ್ನು 28 ಸಲ ಮಾಡುವಷ್ಟರಲ್ಲಿ ಹೆಣಿಗೆಯ ಮೂಲ ಚಲನೆಯನ್ನೇ ನೀವು ಕಲಿತಿರುತ್ತೀರಿ.

ಏಕೆಂದರೆ ಮುಂದಿನ ಸಾಲಿನಲ್ಲಿ ಮಾಡುವುದೂ ಅದನ್ನೇ. ತೂರಿಸು, ಸುತ್ತು, ಎಳೆ. ಒಂದೇ ವ್ಯತ್ಯಾಸ, ಹೊಸ ಕುಣಿಕೆ ಬಲಗಡ್ಡಿಯಲ್ಲೇ ಉಳಿಯುತ್ತದೆ, ಹಳೆಯದನ್ನು ಎಡಗಡ್ಡಿಯಿಂದ ಜಾರಿಸಿ ಬಿಡಬೇಕು. ಸಾಲು ಬಲದಿಂದ ಎಡಕ್ಕೆ ಸಾಗುತ್ತದೆ, ಉರ್ದು ಬರೆಯುವವರಿಗೆ ಇದೇನೂ ವಿಚಿತ್ರವೆನಿಸದು. ಎಡಗಡ್ಡಿ ಖಾಲಿಯಾದಾಗ ಕಡ್ಡಿಗಳನ್ನು ಕೈ ಬದಲಿಸಿ ಮತ್ತೆ ಶುರುಮಾಡಿ. ಮಫ್ಲರ್ ಮುಗಿಯುವವರೆಗೆ ಇಷ್ಟೇ. ಉರ್ದು ಮಾತಾಡುವ ಮನೆಗಳಲ್ಲಿ ಕಡ್ಡಿಗೆ ಸಲಾಯಿ, ಕುಣಿಕೆಗೆ ಫಂದಾ, ಈ ಹೆಣಿಗೆಗೆ ಸೀದಾ ಎನ್ನುತ್ತಾರೆ. ಇದರ ವಿರುದ್ಧದ ಉಲ್ಟಾ ಹೆಣಿಗೆಯೂ ಇದೆ, ಈ ಮಫ್ಲರಿಗೆ ಅದು ಬೇಕಿಲ್ಲ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕಿದರೆ ಅಂಗಡಿಯ ಸ್ವೆಟರಿನ ಹಾಗೆ ನುಣುಪಾಗಿ ಬರುತ್ತದೆ ಎಂದು ಯಾರಾದರೂ ಆಸೆ ಹುಟ್ಟಿಸಿಯಾರು. ಬರುತ್ತದೆ, ನಿಜ. ಆದರೆ ಆ ಹೆಣಿಗೆಯ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ, ಮಫ್ಲರ್ ಕೊಳವೆಯಾಗುತ್ತದೆ. ಎಲ್ಲ ಸಾಲೂ ಸೀದಾ ಹಾಕಿದಾಗ ಎರಡೂ ಬದಿಯ ಸೆಳೆತ ಸಮವಾಗಿ ಅದು ಚಪ್ಪಟೆಯಾಗಿ ಮಲಗುತ್ತದೆ.

ಹತ್ತು ಸಾಲಾದ ಮೇಲೆ ನಿಲ್ಲಿಸಿ, ಬೆಳಕಿಗೆ ಹಿಡಿದು ನೋಡಿ. ಪ್ರತಿ ಕುಣಿಕೆಯೂ ಮರದ ಕುದುರೆಯ ಮೇಲೆ ಕೂತ ಮಗುವಿನಂತೆ ಕಡ್ಡಿಯ ಆಚೆ ಒಂದು ಕಾಲು, ಈಚೆ ಒಂದು ಕಾಲು ಹಾಕಿ ಕೂತಿರುತ್ತದೆ. ಬಲಗಾಲು ನಿಮ್ಮ ಕಡೆ ಮುಂದಿರಬೇಕು. ಸಾಲಿನ ಕೊನೆಯಲ್ಲಿ ಕಡ್ಡಿ ತಿರುಗಿಸಿದ ಮೇಲೆ ನೋಡಿದರೆ, ಪ್ರತಿ ಕುಣಿಕೆಯ ಕತ್ತಿನ ಬಳಿ ಒಂದು ಸಣ್ಣ ಉಬ್ಬು ಕಾಣುತ್ತದೆ. ಅದು ಕೆಳಗಿನ ಕುಣಿಕೆಯ ತಲೆ. ಕುಣಿಕೆಯೊಂದಕ್ಕೆ ಒಂದು ಉಬ್ಬು, ಇದೇ ಓದುವ ಸೂತ್ರ.

ಈಗ ಹೊಸಬರ ದೊಡ್ಡ ದೂರನ್ನು ತೆಗೆದುಕೊಳ್ಳಿ: 28 ಹಾಕಿದ್ದೆ, 31 ಆಗಿದೆ. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಸಾಲಿನ ನಡುವೆ ದಾರ ಕಡ್ಡಿಗಳ ಮುಂದಕ್ಕೆ ಬಂದು ಬಲಗಡ್ಡಿಯ ಮೇಲೆ ಹಾಗೇ ಮಲಗಿರುತ್ತದೆ. ಮುಂದಿನ ಸಾಲಿನಲ್ಲಿ ಅದು ಕುಣಿಕೆಯಂತೆ ನಟಿಸುತ್ತದೆ. ಆದರೆ ಅದರ ಕೆಳಗೆ ಉಬ್ಬಿಲ್ಲ, ತೂತಿದೆ. ಉಬ್ಬಿಲ್ಲದ್ದು ಕಳ್ಳ ಕುಣಿಕೆ, ಹೆಣೆಯದೆ ಕಡ್ಡಿಯಿಂದ ಬೀಳಿಸಿಬಿಡಿ, ಏನೂ ಆಗುವುದಿಲ್ಲ. ಇನ್ನೊಂದು, ಸಾಲಿನ ಆರಂಭದಲ್ಲಿ ದಾರವನ್ನು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಎಳೆದಾಗ ಮೊದಲ ಕುಣಿಕೆ ಮೇಲೆದ್ದು ಎರಡರಂತೆ ಕಾಣುತ್ತದೆ, ನಾವು ಎರಡನ್ನೂ ಹೆಣೆದುಬಿಡುತ್ತೇವೆ. ಸಾಲು ಶುರುಮಾಡುವ ಮುಂಚೆ ದಾರವನ್ನು ಕೆಳಕ್ಕೆ ಎಳೆದು ನೋಡುವ ಅಭ್ಯಾಸ ಮಾಡಿಕೊಂಡರೆ ಈ ತೊಂದರೆ ಹೋಗುತ್ತದೆ. ಮೊದಲ ವಾರ ಪ್ರತಿ ಎರಡು ಸಾಲಿಗೆ ಒಮ್ಮೆ ಎಣಿಸಿ.

ಕಡಿಮೆಯಾದರೆ? ಒಂದು ಕುಣಿಕೆ ಉದುರಿದೆ. ಅದು ಏಣಿಯ ಮೆಟ್ಟಿಲಿನಂತೆ ಒಂದೊಂದೇ ಸಾಲು ಕೆಳಕ್ಕೆ ಇಳಿಯುತ್ತಿರುತ್ತದೆ. ಗಾಬರಿಯಿಂದ ಬಟ್ಟೆಯನ್ನು ಎಳೆಯಬೇಡಿ, ಎಳೆದಷ್ಟೂ ಇಳಿಯುತ್ತದೆ. ಒಂದು ಪಿನ್ನು ಹಾಕಿ ಹಿಡಿಯಿರಿ. ಟೋಪಿ ಹಾಕುವ ಕ್ರೋಶಾ ಕೊಕ್ಕೆಯಿಂದ ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಕುಣಿಕೆಯೊಳಗಿಂದ ಎಳೆದು ಮೇಲಕ್ಕೆ ತನ್ನಿ. ಒಂದು ಮೆಟ್ಟಿಲನ್ನು ಮುಂದಿನಿಂದ ಎಳೆದರೆ ಮುಂದಿನದನ್ನು ಹಿಂಬದಿಯಿಂದ, ಆಗ ಅಕ್ಕಪಕ್ಕದ ಉಬ್ಬುಗಳಿಗೆ ಹೊಂದುತ್ತದೆ. ಅದೂ ಬೇಡವೆನಿಸಿದರೆ ಅಲ್ಲಿಯವರೆಗೆ ಬಿಚ್ಚಿ. ಬಿಚ್ಚಿದ ದಾರ ಹರಿದ ದಾರವಲ್ಲ. ಅದೇ ದಾರದಲ್ಲಿ ಅದೇ ಸಾಲನ್ನು ಮತ್ತೆ ಹಾಕಬಹುದು, ಮತ್ತೊಮ್ಮೆಯೂ ಹಾಕಬಹುದು. ಕತ್ತರಿ ಹಾಕಿದ ಬಟ್ಟೆ ಈ ಸೌಲಭ್ಯ ಕೊಡುವುದಿಲ್ಲ.

ಕಡ್ಡಿ ಒಳಗೆ ತೂರದಷ್ಟು ಬಿಗಿಯಾಗಿದ್ದರೆ ನೀವು ಪ್ರತಿ ಕುಣಿಕೆಯಾದ ಮೇಲೆ ದಾರವನ್ನು ಜಗ್ಗುತ್ತಿದ್ದೀರಿ ಎಂದರ್ಥ. ಜಗ್ಗಬೇಡಿ. ಕುಣಿಕೆಯ ಅಳತೆ ನಿರ್ಧರಿಸಬೇಕಾದದ್ದು ಕಡ್ಡಿಯ ದಪ್ಪ, ನಿಮ್ಮ ಆತಂಕವಲ್ಲ.

ಇದು ಹೆಂಗಸರ ಕೆಲಸ ಎಂದು ಪುಟ ತಿರುಗಿಸಲಿರುವ ಗೆಳೆಯರಿಗೆ ಒಂದು ಮಾತು. ಯುರೋಪಿನ ನಗರಗಳಲ್ಲಿ ಒಂದು ಕಾಲಕ್ಕೆ ಹೆಣಿಗೆ ಗಂಡಸರ ವೃತ್ತಿಯಾಗಿತ್ತು, ಅವರದ್ದೇ ಸಂಘಗಳಿದ್ದವು. 1589ರಲ್ಲಿ ಮೊದಲ ಹೆಣಿಗೆ ಯಂತ್ರ ಮಾಡಿದವನು ಇಂಗ್ಲೆಂಡಿನ ವಿಲಿಯಂ ಲೀ. ಅದಕ್ಕೂ ಹಿಂದಕ್ಕೆ ಹೋದರೆ ದಾರಿ ಮುಸ್ಲಿಂ ನಾಡುಗಳ ಕಡೆ ತಿರುಗುತ್ತದೆ. ಎರಡು ಕಡ್ಡಿಯ ಹೆಣಿಗೆಯ ಅತಿ ಹಳೆಯ ಮಾದರಿಗಳಲ್ಲಿ ಈಜಿಪ್ಟಿನಲ್ಲಿ ಸಿಕ್ಕ ಹತ್ತಿಯ ಕಾಲುಚೀಲಗಳು ಸೇರಿವೆ. ನೀಲಿ, ಬಿಳಿ ಬಣ್ಣದವು, ಕೆಲವದರಲ್ಲಿ ಅರಬ್ಬಿ ಅಕ್ಷರದಂಥ ವಿನ್ಯಾಸವಿದೆ. ಸ್ಪೇನಿನ ಬುರ್ಗೋಸ್ ನಗರದ ಲಾಸ್ ವೆಲ್ಗಾಸ್ ಮಠದಲ್ಲಿ 1275ರಲ್ಲಿ ತೀರಿಕೊಂಡ ರಾಜಕುಮಾರ ಫೆರ್ನಾಂಡೋನ ಸಮಾಧಿಯಲ್ಲಿ ಒಂದು ದಿಂಬು ಸಿಕ್ಕಿತು. ಅವನು ಕ್ರೈಸ್ತ ರಾಜಕುಮಾರ. ದಿಂಬು ರೇಷ್ಮೆಯ ಹೆಣಿಗೆ, ಮುಸ್ಲಿಂ ಕುಶಲಕರ್ಮಿಗಳ ಕೆಲಸವೆಂದು ತಜ್ಞರು ಹೇಳುತ್ತಾರೆ. ಒಂದು ಇಂಚಿಗೆ ಸುಮಾರು ಇಪ್ಪತ್ತು ಕುಣಿಕೆ. ನಮ್ಮ ಮಫ್ಲರಿನಲ್ಲಿ ಇಂಚಿಗೆ ನಾಲ್ಕು! ಅದರ ಅಂಚಿನಲ್ಲಿ ಕೂಫಿ ಲಿಪಿಯಲ್ಲಿ ಮತ್ತೆ ಮತ್ತೆ ಹೆಣೆದಿರುವ ಪದ ಬರಕಾ. ನಮ್ಮ ಮನೆಗಳಲ್ಲಿ ದಿನವೂ ಕೇಳುವ ಬರಕತ್ ಅದೇ.

ಉಂಡೆ ಮುಗಿದರೆ ಹೊಸದನ್ನು ಸಾಲಿನ ಆರಂಭದಲ್ಲೇ ಸೇರಿಸಿ, ಎರಡೂ ತುದಿಯನ್ನು ಒಂದು ಗೇಣು ಬಿಡಿ. ಐದು ಅಡಿ ಉದ್ದವಾದಾಗ ಮುಗಿಸಬಹುದು. ಎರಡು ಕುಣಿಕೆ ಹೆಣೆದು, ಮೊದಲನೆಯದನ್ನು ಎರಡನೆಯದರ ತಲೆಯ ಮೇಲಿಂದ ದಾಟಿಸಿ ಕೆಳಗೆ ಬಿಡಿ. ಇನ್ನೊಂದು ಹೆಣೆಯಿರಿ, ಮತ್ತೆ ದಾಟಿಸಿ. ಸಡಿಲವಾಗಿ ಮಾಡಿ, ಇಲ್ಲವಾದರೆ ಆ ತುದಿ ಚೀಲದ ಬಾಯಿಯಂತೆ ಮುದುಡುತ್ತದೆ. ಕೊನೆಯ ಕುಣಿಕೆಯೊಳಗೆ ದಾರವನ್ನು ಕತ್ತರಿಸಿ ಎಳೆದುಬಿಡಿ. ಬಿಟ್ಟಿದ್ದ ತುದಿಗಳನ್ನು ಮೊಂಡು ಸೂಜಿಯಿಂದ ಉಬ್ಬುಗಳೊಳಗೆ ನುಸುಳಿಸಿ ಮರೆಮಾಡಿ.

ಒಮ್ಮೆ ತಣ್ಣೀರಲ್ಲಿ ಸ್ವಲ್ಪ ಶಾಂಪೂ ಹಾಕಿ ಅದ್ದಿ ತೆಗೆಯಿರಿ, ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಅಕ್ರಿಲಿಕ್ಕಿಗೆ ಇಸ್ತ್ರಿ ತಾಗಿಸಲೇಬಾರದು, ಶಾಖಕ್ಕೆ ಅದರ ಜೀವವೇ ಹೋಗಿ ಜೋಲುತ್ತದೆ. ತಂತಿಗೂ ನೇತುಹಾಕಬೇಡಿ, ನೀರಿನ ಭಾರಕ್ಕೆ ಐದು ಅಡಿ ಆರಾಗುತ್ತದೆ. ಚಾಪೆಯ ಮೇಲೆ ನೆರಳಲ್ಲಿ ಹರಡಿ ಒಣಗಿಸಿ.