ಮಾರ್ಚ್ ಬಿಸಿಲಿನ ಗುಲ್‌ಮಾರ್ಗ್

ಮಾರ್ಚ್ ಎರಡನೇ ವಾರದ ಹೊತ್ತಿಗೆ ಕಾಶ್ಮೀರದ ನಲವತ್ತು ದಿನಗಳ ಕಡುಚಳಿ ‘ಚಿಲ್ಲೈ ಕಲಾನ್’ ಕಳೆದು ತಿಂಗಳಾಗಿರುತ್ತದೆ. ಶ್ರೀನಗರದಲ್ಲಿ ಬಾದಾಮಿ ಮರಗಳು ಹೂಬಿಡಲು ಅಣಿಯಾಗುತ್ತಿರುತ್ತವೆ. ಅಲ್ಲಿಂದ ಐವತ್ತು ಕಿ.ಮೀ. ದೂರದ ಗುಲ್‌ಮಾರ್ಗ್‌ನಲ್ಲಿ ಮಾತ್ರ ಹುಲ್ಲುಗಾವಲು ಇನ್ನೂ ಹಿಮದಡಿ ಮಲಗಿರುತ್ತದೆ. ಮೇಲೆ ಸ್ವಚ್ಛ ನೀಲಿ ಆಕಾಶ, ಹೋಟೆಲುಗಳ ತಗಡಿನ ಮಾಡುಗಳಿಂದ ತೊಟ್ಟಿಕ್ಕುವ ನೀರು. ಸ್ಕೀಯಿಂಗ್ ಕಲಿಯುವ ಆಸೆಯಿರುವ ಕನ್ನಡಿಗರಿಗೆ ನಾನು ಕೊಡುವ ಸಲಹೆ ಒಂದೇ: ಜನವರಿ ಬೇಡ, ಮಾರ್ಚ್‌ನಲ್ಲಿ ಹೋಗಿ.

ಜನವರಿ, ಫೆಬ್ರುವರಿಯ ಹೊಸ ಹಿಮ ಪಳಗಿದವರಿಗೆ. ಹತ್ತಿಯಂಥ ಆ ಆಳವಾದ ಹಿಮಕ್ಕಾಗಿಯೇ ಯುರೋಪಿನಿಂದಲೂ ಆಸ್ಟ್ರೇಲಿಯಾದಿಂದಲೂ ಜನ ಬರುತ್ತಾರೆ. ಆದರೆ ಆಗ ಮೋಡ ಕವಿದರೆ ಎದುರಿಗಿರುವವರೇ ಕಾಣರು. ಗಾಳಿ ಜೋರಾದರೆ ಬೆಟ್ಟದ ಮೇಲೆ ಒಯ್ಯುವ ಕೇಬಲ್ ಕಾರ್ ‘ಗಂಡೋಲಾ’ ನಿಲ್ಲುತ್ತದೆ. ಮೊದಲ ಸಲ ಕಾಲಿಗೆ ಸ್ಕೀ ಕಟ್ಟಿಕೊಳ್ಳುವವರಿಗೆ ಬೇಕಾದದ್ದು ಬೆಳಕು, ಧೈರ್ಯ ಕೊಡುವ ನೆಲ, ಬಿದ್ದರೂ ಮತ್ತೆ ಏಳುವ ಹುಮ್ಮಸ್ಸು. ಅದನ್ನೆಲ್ಲ ಕೊಡುವುದು ವಸಂತದ ಬಿಸಿಲು.

ಆ ಬಿಸಿಲಿಗೆ ತನ್ನದೇ ವೇಳಾಪಟ್ಟಿಯಿದೆ. ಹಗಲು ಕರಗಿದ ಮೇಲ್ಪದರ ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ದಿನವೂ ಹೀಗೇ ಆದಾಗ ಹಿಮದ ಸೂಕ್ಷ್ಮ ಹರಳುಗಳು ಒಂದಕ್ಕೊಂದು ಅಂಟಿ ದುಂಡು ಕಾಳುಗಳಾಗುತ್ತವೆ. ಮುಂಜಾನೆ ಇಳಿಜಾರು ಕಲ್ಲಿನಷ್ಟು ಗಟ್ಟಿ. ಸ್ಕೀ ಅಂಚು ಕಚ್ಚುವುದೇ ಇಲ್ಲ. ಹತ್ತು ಗಂಟೆಯ ಸುಮಾರಿಗೆ ಮೇಲಿನ ಒಂದೆರಡು ಅಂಗುಲ ಮಾತ್ರ ಸಡಿಲಾಗುತ್ತದೆ. ಆಗ ಒಂದು ಹಿಡಿ ಎತ್ತಿಕೊಂಡು ನೋಡಿ, ದಪ್ಪ ರವೆಯ ಹಾಗೆ ಬೆರಳ ಸಂದಿನಿಂದ ಜಾರುತ್ತದೆ. ಅದರ ಮೇಲೆ ತಿರುಗುವುದೂ ನಿಲ್ಲುವುದೂ ಸಲೀಸು. ಮಧ್ಯಾಹ್ನ ದಾಟಿದರೆ ಅದೇ ಹಿಮ ನೀರು ಕುಡಿದು ಕೆಸರಿನಂತಾಗಿ ಕಾಲು ಹಿಡಿದೆಳೆಯುತ್ತದೆ. ಕಡಿದಾದ ಇಳಿಜಾರುಗಳಲ್ಲಿ ಒದ್ದೆ ಹಿಮ ಕುಸಿಯುವ ಅಪಾಯ ಹೆಚ್ಚುವುದೂ ಈ ಹೊತ್ತಿನಲ್ಲೇ. ಅನುಭವಿ ಮಾರ್ಗದರ್ಶಕರು ಸ್ಕೀ ಕೋಲನ್ನು ಹಿಮಕ್ಕೆ ಚುಚ್ಚಿ, ಎಷ್ಟು ಆಳ ಇಳಿಯಿತೆಂದು ನೋಡಿಯೇ ಮುಂದುವರಿಯುವುದೋ ಹಿಂದಿರುಗುವುದೋ ತೀರ್ಮಾನಿಸುತ್ತಾರೆ. ಅವರ ಮಾತಿಗೆ ಎದುರಾಡಬೇಡಿ.

ಕಲಿಯುವವರ ಇಳಿಜಾರುಗಳು ಕೆಳಗೇ ಇವೆ. ಮೊದಲ ಪಾಠ ಸ್ನೋ ಪ್ಲೋ: ಎರಡೂ ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂಭಾಗ ಅಗಲಿಸಿ, ಮಂಡಿ ಬಾಗಿಸಿ ವೇಗ ತಗ್ಗಿಸುವುದು. ಹೆದರಿದವರು ಹಿಂದಕ್ಕೆ ವಾಲುತ್ತಾರೆ, ವಾಲಿದೊಡನೆ ಸ್ಕೀ ಇನ್ನಷ್ಟು ಜೋರಾಗಿ ಓಡುತ್ತದೆ. ಮೈಯನ್ನು ಮುಂದಕ್ಕೆ, ಇಳಿಜಾರಿನತ್ತ ಬಾಗಿಸುವ ಧೈರ್ಯ ಬಂದ ಗಳಿಗೆಯಲ್ಲೇ ಸ್ಕೀ ಮಾತು ಕೇಳತೊಡಗುತ್ತದೆ. ಒಂದು ಎಚ್ಚರಿಕೆ: ಹಿಮ ಬಿಸಿಲನ್ನು ಕೆಳಗಿನಿಂದಲೂ ಎರಚುತ್ತದೆ. ಸನ್‌ಸ್ಕ್ರೀನನ್ನು ಗಲ್ಲದಡಿ, ಮೂಗಿನ ಕೆಳಗೂ ಹಚ್ಚಬೇಕು. ಕಪ್ಪು ಕನ್ನಡಕವಿಲ್ಲದೆ ಹೊರಡಲೇಬಾರದು.

ಗಂಡೋಲಾ ಹತ್ತಿದರೆ ಗುಲ್‌ಮಾರ್ಗ್‌ನ ನಿಜವಾದ ಅಳತೆ ತಿಳಿಯುತ್ತದೆ. ಊರೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ. 1998ರಲ್ಲಿ ಶುರುವಾದ ಮೊದಲ ಹಂತ ಕೊಂಗ್‌ಡೂರಿಗೆ, 2005ರ ಎರಡನೇ ಹಂತ ಅಫರ್‌ವಟ್ ಶಿಖರದ ಭುಜಕ್ಕೆ ಒಯ್ಯುತ್ತದೆ. ಆ ಮೇಲಿನ ನಿಲ್ದಾಣದ ಎತ್ತರ ಸುಮಾರು 3,950 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗೂ ಮಿಗಿಲು. ಇಳಿದೊಡನೆ ತಲೆ ಹಗುರಾಗುತ್ತದೆ, ನಾಲ್ಕು ಹೆಜ್ಜೆಗೆ ಏದುಸಿರು. ತಿಳಿ ಆಕಾಶವಿದ್ದರೆ ದೂರದಲ್ಲಿ 8,126 ಮೀಟರಿನ ನಂಗಾ ಪರ್ಬತ್ ಕಾಣುತ್ತದೆ. ಸ್ಕೀ ಗೊತ್ತಿಲ್ಲದಿದ್ದರೂ ಈ ನೋಟಕ್ಕಾಗಿ ಮೇಲೆ ಹೋಗಬೇಕು.

ಹಿಮವೇ ಬೀಳದ ನಾಡಿನವರಿಗೆ ಇದೆಲ್ಲ ಎಲ್ಲಿ ಒಲಿದೀತು ಎನ್ನುವವರು ಕೊಡಗಿನ ತೆಕ್ಕಡ ಭವಾನಿ ಅವರನ್ನು ನೆನೆಯಲಿ. ಇದೇ ಗುಲ್‌ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಅವರು ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ. ಕಾಫಿ ತೋಟಗಳ ಜಿಲ್ಲೆಯ ಹೆಣ್ಣುಮಗಳೊಬ್ಬಳು ಹಿಮದ ಮೇಲೆ ಎಲ್ಲರನ್ನೂ ಹಿಂದಿಕ್ಕಿದ್ದನ್ನು ನೆನೆದರೆ ಎದೆಯುಬ್ಬುತ್ತದೆ.

ಈಗ ಕಳವಳ ಹಿಮದ್ದೇ. 2024ರ ಜನವರಿಯಲ್ಲಿ ಗುಲ್‌ಮಾರ್ಗ್‌ನ ಮೈದಾನ ಬರಿದಾಗಿ ಕಂದುಬಣ್ಣಕ್ಕೆ ತಿರುಗಿತ್ತು. 2025ರಲ್ಲಿ ಹಿಮ ಸಾಲದೆ ಫೆಬ್ರುವರಿಯ ಕ್ರೀಡಾಕೂಟವನ್ನೇ ಮಾರ್ಚ್‌ಗೆ ಮುಂದೂಡಿದರು. ಇದರ ಪೆಟ್ಟು ಮೊದಲು ಬೀಳುವುದು ಸ್ಲೆಜ್ ಎಳೆಯುವವರ ಮೇಲೆ, ದಾರಿಯ ಊರು ತಂಗ್‌ಮಾರ್ಗ್‌ನಲ್ಲಿ ಬೂಟು-ಕೋಟು ಬಾಡಿಗೆಗೆ ಕೊಡುವವರ ಮೇಲೆ, ಸ್ಕೀ ಕಲಿಸುವ ಹುಡುಗರ ಮೇಲೆ. ಫೆರನ್ ಎಂಬ ಉದ್ದ ನಿಲುವಂಗಿ ತೊಟ್ಟು ಹಗ್ಗ ಹಿಡಿದು ನಿಂತ ಸ್ಲೆಜ್‌ವಾಲಾಗೆ ಹಿಮವಿದ್ದ ದಿನವಷ್ಟೇ ದುಡಿಮೆ. ಹಿಮ ತಡವಾಗಿ ಬಿದ್ದು ಬೇಗ ಕರಗಿದರೆ ಚಳಿಗಾಲದ ಗಳಿಕೆಯಲ್ಲಿ ವಾರಗಳೇ ಕಳೆದುಹೋಗುತ್ತವೆ. ಮಾರ್ಚ್‌ನಲ್ಲಿ ಹೋದವರು ಒಂದು ಗಂಟೆಯ ಮೋಜಿಗೆ ಚೌಕಾಸಿ ಮಾಡುವ ಬದಲು, ಸ್ಥಳೀಯ ತರಬೇತುದಾರರೊಬ್ಬರನ್ನು ಎರಡು-ಮೂರು ದಿನಕ್ಕೆ ಗೊತ್ತುಮಾಡಿಕೊಳ್ಳಲಿ. ಅವರಿಗೆ ಕೆಲಸ ಸಿಗುತ್ತದೆ. ನೀವು ಬೀಳದೆ ಇಳಿಯುವಷ್ಟು ಕಲಿತೇ ಊರಿಗೆ ಮರಳುತ್ತೀರಿ.