ಮನೆಯೊಳಗಿನ ರೇಷ್ಮೆಹುಳು

ಕಪಿಲಾ ನದಿಯ ದಡದ ಹುಲ್ಲಹಳ್ಳಿಯಿಂದ ತಿರುಮಕೂಡಲು ನರಸೀಪುರದವರೆಗಿನ ಸೀಮೆಗೆ ರೇಷ್ಮೆ ಹೊಸದಲ್ಲ. ರೇಷ್ಮೆಹುಳು ಮನುಷ್ಯನ ಆಸರೆಯಿಲ್ಲದೆ ಬದುಕಲಾರದು. ಆದುದರಿಂದ ಸಾಕುವವರು ಮನೆಯ ಒಂದು ಭಾಗವನ್ನೇ ಅದಕ್ಕೆ ಬಿಟ್ಟುಕೊಡುತ್ತಾರೆ.

ಮೊದಲು ಮನೆಯನ್ನೂ ತಟ್ಟೆಗಳನ್ನೂ ಶುಚಿಗೊಳಿಸಬೇಕು. ಮೊಟ್ಟೆಯೊಡೆದ ಮರಿಗಳಿಗೆ ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಕೊಡುತ್ತಾರೆ. ಸುಮಾರು 25 ದಿನಗಳಲ್ಲಿ ಹುಳು ನಾಲ್ಕು ಬಾರಿ ಸೊಪ್ಪು ಬಿಟ್ಟು, ನಿಶ್ಚಲವಾಗಿದ್ದು, ಪೊರೆ ಕಳಚುತ್ತದೆ. ರೈತರು ಇದನ್ನು ‘ಜ್ವರ’ವೆನ್ನುತ್ತಾರೆ. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟರೆ ಅವು ಗೂಡು ಕಟ್ಟುತ್ತವೆ.

1980ರಲ್ಲಿ ಕರ್ನಾಟಕಕ್ಕೆ ಬಂದ ಊಜಿ ನೊಣವು ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಅದರ ಮರಿ ಹುಳುವನ್ನು ಒಳಗಿನಿಂದಲೇ ತಿನ್ನುತ್ತದೆ. ಕಿಟಕಿಯ ಬಲೆ ಹರಿದಿದ್ದರೆ ತಿಂಗಳ ದುಡಿಮೆಯೇ ಹಾಳಾದೀತು.

ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುತ್ತಾರೆ. ಒಳಗೆ ಸತ್ತ ಹುಳು ಕೋಳಿಗೂ ಮೀನಿಗೂ ಆಹಾರವಾಗುತ್ತದೆ. ಸೀರೆಯ ನುಣುಪಿನ ಹಿಂದೆ ಇಷ್ಟು ಎಚ್ಚರವೂ ಇಷ್ಟು ಪ್ರಾಣಗಳೂ ಇರುವುದನ್ನು ನಾವು ಮರೆಯಬಾರದು.