ಹೊಲದ ಶೆಡ್ಡಿಗೆ ಅಲಾರಂ: ಕೊಳ್ಳುವ ಮುಂಚೆ ಸ್ವಲ್ಪ ವಿಚಾರ



ಈಚಿನ ಸಭೆಗಳಲ್ಲಿ ಕಾರ್ಯಸೂಚಿಯಲ್ಲಿ ಇಲ್ಲದ ಒಂದು ವಿಷಯವೇ ಹೆಚ್ಚು ಹೊತ್ತು ತಿನ್ನುತ್ತಿದೆ. ಅದು ಹೊಲದ ಶೆಡ್ಡಿನ ಕಳವು. ಒಬ್ಬರ ಸ್ಟಾರ್ಟರ್ ಹೋಗಿದೆ, ಇನ್ನೊಬ್ಬರ ಔಷಧ ಹೊಡೆಯುವ ಪಂಪು. ಅಸಂಗಿಯ ನಮ್ಮ ಶೆಡ್ಡಿನಿಂದ ಮೋಟರಿನ ಕೇಬಲ್ ಹೋಯಿತು. ಬಾಗಿಲಿನ ಕೀಲಿ ಹಾಗೇ ಇತ್ತು, ಹಿಂದಿನ ಪತ್ರಾದ ಮೊಳೆ ಕಿತ್ತು ಒಳಗೆ ಇಳಿದಿದ್ದರು. ಎಪ್ಪತ್ತು ದಾಟಿದ ನಮ್ಮ ಸದಸ್ಯರೊಬ್ಬರು ದ್ರಾಕ್ಷಿ ಒಣಗುವಷ್ಟು ದಿನ ರ್‍ಯಾಕಿನ ಕೆಳಗೇ ಒಬ್ಬರೇ ಮಲಗುತ್ತಾರೆ. ಹಾವು ಚೇಳಿನ ಜಾಗ, ಮಗ ಇರುವುದು ದೂರದೂರಿನಲ್ಲಿ. ಅವರು ಮನೆಯಲ್ಲಿ ಮಲಗುವಂತಾಗಲಿ ಎಂಬುದೇ ಈ ಬರಹದ ಉದ್ದೇಶ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಅಂಗಡಿಯವರು ತೋರಿಸಿದ ಕೂಡಲೇ ಚಲನೆ ಗುರುತಿಸುವ ಸೆನ್ಸರ್ ಇರುವ ಅಲಾರಂ ತಂದೆ. ಈ ಸೆನ್ಸರ್ ನೋಡುವುದು ಮನುಷ್ಯನನ್ನಲ್ಲ, ಶಾಖವನ್ನು. ಸುತ್ತಲಿನದಕ್ಕಿಂತ ಬೇರೆ ಶಾಖದ ವಸ್ತು ಎದುರು ಹಾದುಹೋದರೆ ಅದು ಎಚ್ಚರಗೊಳ್ಳುತ್ತದೆ. ಬೆಕ್ಕು ಬಂದರೂ ಅದಕ್ಕೆ ಒಂದೇ, ಕಳ್ಳ ಬಂದರೂ ಒಂದೇ. ಏಪ್ರಿಲ್ ತಿಂಗಳಲ್ಲಿ ಪತ್ರಾ ಶೆಡ್ಡಿನ ಒಳಗೆ ಮೈಶಾಖದಷ್ಟೇ ಕಾವು ಇದ್ದಾಗಂತೂ ಮನುಷ್ಯನೂ ಗೋಡೆಯೂ ಅದಕ್ಕೆ ಹೆಚ್ಚುಕಡಿಮೆ ಒಂದೇ ಆಗಿ ಕಾಣುತ್ತವೆ. ಮೊದಲ ರಾತ್ರಿ ಪಕ್ಕದ ವಸ್ತಿಯವರು ಬಡಿಗೆ ಹಿಡಿದು ಓಡಿ ಬಂದರು. ಐದನೆಯ ರಾತ್ರಿ, "ಮಲ್ಕೋರಿ, ಸಾಹೇಬ್ರ ಬೆಕ್ಕು ಬಂದಿರಬೇಕು" ಎಂದರಂತೆ. ಸುಳ್ಳು ಕೂಗುವ ಅಲಾರಂನಿಂದ ಆಗುವ ದೊಡ್ಡ ನಷ್ಟ ಇದೇ. ಕಳ್ಳನಿಗಿಂತ ಮೊದಲು ನೆರೆಯವರು ಅದಕ್ಕೆ ಹೊಂದಿಕೊಂಡುಬಿಡುತ್ತಾರೆ.

ಬಾಗಿಲಿಗೆ ಅಯಸ್ಕಾಂತದ ಸ್ವಿಚ್ಚೇ ಸರಿ. ಒಂದು ತುಂಡು ಚೌಕಟ್ಟಿಗೆ, ಒಂದು ಬಾಗಿಲಿಗೆ. ಎರಡೂ ದೂರವಾದರೆ ಸೈರನ್ ಕೂಗುತ್ತದೆ. ಇದರ ಸಂಪರ್ಕದ ಎಳೆಗಳು ಗಾಜಿನ ಚಿಕ್ಕ ನಳಿಗೆಯೊಳಗೆ ಮುಚ್ಚಿರುವುದರಿಂದ ಧೂಳು ಹೋಗುವುದಿಲ್ಲ, ಬೇದಾಣಾಕ್ಕೆ ಹಾಕುವ ಗಂಧಕದ ಹೊಗೆಯೂ ತಾಗುವುದಿಲ್ಲ. ಆದರೆ ಹೊರಗಿನ ವೈರಿನ ಜೋಡಣೆಗಳನ್ನು ಆ ಹೊಗೆ ತಿನ್ನುತ್ತದೆ, ಟೇಪು ಬಿಗಿಯಾಗಿ ಸುತ್ತಿರಬೇಕು. ಕಬ್ಬಿಣದ ಬಾಗಿಲಾದರೆ ಅಯಸ್ಕಾಂತದ ಶಕ್ತಿ ಅರ್ಧ ಬಾಗಿಲಿಗೇ ಹೋಗುತ್ತದೆ. ನಡುವೆ ಮರದ ಚೂರು ಇಟ್ಟು ಕೂಡಿಸಿ. ನಮ್ಮ ಶೆಡ್ಡಿನ ಬಾಗಿಲುಗಳು ಗಾಳಿಗೆ ಅಲ್ಲಾಡುವಂಥವು. ಆದ್ದರಿಂದ ಮನೆ ಕಿಟಕಿಯ ಸಣ್ಣ ಸ್ವಿಚ್ ಬೇಡ, ಶಟರಿಗೆ ಹಾಕುವ ದೊಡ್ಡದನ್ನು ಕೇಳಿ.

ನನ್ನ ಕಳ್ಳ ಬಾಗಿಲಿಗೆ ಬರಲೇ ಇಲ್ಲವಲ್ಲ? ಅದಕ್ಕೆ ಉಪಾಯ ತೆಳು ವೈರಿನ ಸುತ್ತು. ಪತ್ರಾಗಳ ಒಳಮೈಗೆ ಅಲ್ಲಲ್ಲಿ ಕಟ್ಟಿ, ಶೆಡ್ ಸುತ್ತಿಸಿ, ಬಾಗಿಲ ಸ್ವಿಚ್ಚಿನ ಜೊತೆ ಒಂದೇ ಸಾಲಿನಲ್ಲಿ ಸೇರಿಸಬೇಕು. ಈ ಸುತ್ತಿನಲ್ಲಿ ಸದಾ ಸ್ವಲ್ಪ ಕರೆಂಟ್ ಹರಿಯುತ್ತಿರುತ್ತದೆ, ಅದು ನಿಂತರೆ ಸೈರನ್ ಹೊಡೆಯುತ್ತದೆ. ಪತ್ರಾ ಎಬ್ಬಿಸಿದರೆ ವೈರು ಹರಿಯುತ್ತದೆ. ಜಾಣನೊಬ್ಬ ಮೊದಲೇ ವೈರು ಕತ್ತರಿಸಿದರೂ ಕೂಗುತ್ತದೆ. ಕೊಳ್ಳುವಾಗ "ವೈರು ಕತ್ತರಿಸಿದರೆ ಕೂಗುತ್ತದೋ, ಸುಮ್ಮನಾಗುತ್ತದೋ" ಎಂದು ಕೇಳಿ, ಅಂಗಡಿಯಲ್ಲೇ ವೈರು ಬಿಚ್ಚಿಸಿ ನೋಡಿ. ಗೋಡೆಯಿಲ್ಲದ ರ್‍ಯಾಕ್ ಶೆಡ್ಡಿಗೂ ಇದೇ ದಾರಿ. ಮೊಣಕಾಲೆತ್ತರಕ್ಕೆ ದಾರ ಕಟ್ಟಿ, ಅದರ ತುದಿಯ ಪ್ಲಾಸ್ಟಿಕ್ ಪಟ್ಟಿಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನ ಬಾಯಲ್ಲಿ ಸಿಕ್ಕಿಸಿ. ಕ್ಲಿಪ್ಪಿನ ಎರಡು ತುಟಿಗೂ ಒಂದೊಂದು ವೈರು. ಕಾಲು ತಾಗಿ ಪಟ್ಟಿ ಕಿತ್ತುಬಂದರೆ ತುಟಿ ಕೂಡಿ ಹಳೆಯ ಟ್ರ್ಯಾಕ್ಟರ್ ಹಾರ್ನ್ ಬಾರಿಸುತ್ತದೆ. ನಾಯಿ ಸುತ್ತಾಡುವ ಜಾಗದಲ್ಲಿ ಮಾತ್ರ ಇದನ್ನು ಕಟ್ಟಬೇಡಿ.

ಇನ್ನು ಸದ್ದು. ಡಬ್ಬದ ಮೇಲೆ ಬರೆದ ಡೆಸಿಬಲ್ ಸಾಮಾನ್ಯವಾಗಿ ಒಂದು ಮೀಟರ್ ಹತ್ತಿರದ ಲೆಕ್ಕ. ದೂರ ಎರಡು ಪಟ್ಟಾದಂತೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. 110 ಇದ್ದದ್ದು 100 ಮೀಟರಿನಲ್ಲಿ 70, 400 ಮೀಟರಿನಲ್ಲಿ 58. ಎದುರುಗಾಳಿ ಇದ್ದರೆ, ಮನೆಯ ಕದ ಕಿಟಕಿ ಮುಚ್ಚಿದ್ದರೆ ಇನ್ನೂ ಕಡಿಮೆ. ನಿದ್ದೆಯಲ್ಲಿದ್ದವರು ಏಳುವುದಿಲ್ಲ. ಬಾಗಿಲಿಗೆ ಅಂಟಿಸುವ ಗುಂಡಿ ಸೆಲ್ಲಿನ 90 ಡೆಸಿಬಲ್ಲಿನದಂತೂ 100 ಮೀಟರಿಗೆ 50 ಆಗುತ್ತದೆ, ಅದು ಹೊಲಕ್ಕಲ್ಲ. ಶೆಡ್ಡು ಮನೆಯಿಂದ 200 ಮೀಟರ್ ಒಳಗಿದ್ದರೆ 12 ವೋಲ್ಟಿನ 110ರಿಂದ 120 ಡೆಸಿಬಲ್ ಸೈರನ್ನು ಕೈಗೆ ಸಿಗದ ಎತ್ತರದಲ್ಲಿ, ಮನೆಯ ಕಡೆಗೆ ಮುಖ ಮಾಡಿ, ಮಳೆನೀರು ನಿಲ್ಲದಂತೆ ಬಾಯಿ ತುಸು ಕೆಳಗೆ ಬಾಗಿಸಿ ಕೂಡಿಸಿ. ಅದಕ್ಕಿಂತ ದೂರವಾದರೆ ಫೋನಿಗೆ ಕರೆ ಮಾಡುವ, ಸಿಮ್ ಹಾಕುವ ಅಲಾರಂ ಜೊತೆಗಿರಲಿ. ಅಗ್ಗದವು ಹಲವು 2ಜಿ ಮೇಲೆ ನಡೆಯುವಂಥವು. ಜಿಯೋಗೆ 2ಜಿ ಇಲ್ಲ, ಅದರ ಸಿಮ್ ಅವುಗಳಲ್ಲಿ ಹಿಡಿಯುವುದಿಲ್ಲ. ಯಾವ ಸಿಮ್ ಆದರೂ ಶೆಡ್ಡಿನಲ್ಲೇ ನಿಂತು ಸಿಗ್ನಲ್ ನೋಡಿಯೇ ಕೊಳ್ಳಿ.

ಹೊಲದ ಲೈನಿಗೆ ದಿನವಿಡೀ ಕರೆಂಟ್ ಇರುವುದಿಲ್ಲ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಸಾಕು. ಕಾಯುವಾಗ 20 ಮಿಲಿ ಆಂಪಿಯರ್ ಎಳೆಯುವ ಪೆಟ್ಟಿಗೆಗೆ ಲೆಕ್ಕದಲ್ಲಿ ಅದು 350 ತಾಸು ಬರಬೇಕು, ನೀವು ಒಂದು ವಾರ ಎಂದು ಹಿಡಿಯಿರಿ. ಬಿಸಿಲಿಗೆ ಕಾದ ಪತ್ರಾದಡಿ ಬ್ಯಾಟರಿ ಬೇಗ ಸಾಯುತ್ತದೆ, ನೆಲದ ಹತ್ತಿರ ನೆರಳಲ್ಲಿಡಿ. ಕೊಂಡ ತಾರೀಖನ್ನು ಅದರ ಮೇಲೆ ಬರೆದಿಡಿ (ಇದು ನನ್ನ ಗುಮಾಸ್ತಿಕೆಯ ಚಟ, ಆದರೆ ಉಪಯೋಗಕ್ಕೆ ಬಂದಿದೆ). ಕೂಗು ಮೂರರಿಂದ ಐದು ನಿಮಿಷಕ್ಕೆ ತಾನೇ ನಿಂತು ಮತ್ತೆ ಕಾವಲಿಗೆ ಕೂರುವಂಥದ್ದೇ ಇರಲಿ. ಪರೀಕ್ಷೆ ಮಾಡುವುದಾದರೆ ಹಗಲಲ್ಲಿ, ನೆರೆಯವರಿಗೆ ಹೇಳಿ ಮಾಡಿ.

ಬಾಗಿಲಿಗೋ ಬೇಲಿಗೋ ಲೈನಿನ ಕರೆಂಟನ್ನೇ ಕೊಡುವ ವಿಚಾರ ಸಭೆಯಲ್ಲಿ ಒಬ್ಬರು ತೆಗೆದರು. ದಯವಿಟ್ಟು ಬೇಡ. ಕತ್ತಲಲ್ಲಿ ಅದನ್ನು ಮೊದಲು ಮುಟ್ಟುವುದು ನೀರು ಬಿಡಲು ಹೋದ ಮನೆಯ ಆಳೋ, ದನವೋ, ಮಗುವೋ ಆಗಿರುತ್ತದೆ. ಕಳ್ಳನೇ ಸತ್ತರೂ ಕೇಸು ನಮ್ಮ ಮೇಲೆಯೇ.

ಅಲಾರಂ ಕೂಗಿದರೆ ಒಬ್ಬರೇ ಟಾರ್ಚ್ ಹಿಡಿದು ಹೋಗಬೇಡಿ. ಮೊದಲು ಮನೆಯ ಹೊರಗಿನ ದೀಪ ಹಾಕಿ, ನೆರೆಯವರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ. ಊರಿನ ಹೆಸರಿನ ಜೊತೆ ಜತ್ತ ತಾಲೂಕು, ಸಾಂಗಲಿ ಜಿಲ್ಲೆ ಎಂದು ಮೊದಲೇ ಹೇಳಿ. ರಬಕವಿ ಕಡೆಗೂ ಒಂದು ಅಸಂಗಿ ಇದೆ. ಕಳುವಾದ ಜಾಗ ನಮ್ಮ ಹದ್ದಿನದಲ್ಲ ಎಂದು ಗಡಿಯ ಠಾಣೆಗಳಲ್ಲಿ ಅಲೆಯುವ ಕಾಲವೂ ಈಗಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಹದ್ದು ಯಾವುದೇ ಇದ್ದರೂ ದೂರು ದಾಖಲಿಸಬೇಕು. ಮೋಟರಿನ, ಸ್ಟಾರ್ಟರಿನ ನಂಬರುಗಳನ್ನು ಈಗಲೇ ಫೋಟೊ ತೆಗೆದಿಡಿ. ಮರಾಠಿಯಲ್ಲಿ ಅರ್ಜಿ ಬರೆಯುವುದು ಕಷ್ಟವಾದವರಿಗೆ ನಾನು ಬರೆದುಕೊಡುತ್ತೇನೆ.

ಮುಂದಿನ ಮಾಸಿಕ ಸಭೆಗೆ ನನ್ನ ಪೆಟ್ಟಿಗೆ, ಸೈರನ್, ಕ್ಲಿಪ್ಪು ಎಲ್ಲ ತರುತ್ತೇನೆ. ವೈರು ಜೋಡಿಸುವುದನ್ನು ಅಲ್ಲೇ ಮಾಡಿ ನೋಡಬಹುದು. ಸೈರನ್ ಬಾರಿಸುವುದು ಮಾತ್ರ ಚಹಾ ಆದಮೇಲೆ, ಹೊರಗೆ.

ಕಾರ್ಯದರ್ಶಿ